ಬುತ್ತಿಯೂ ಬ್ಯಾಟರಿಯೂ

ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವಣ ಬಯಲಿನಲ್ಲಿ, ರೈಲುದಾರಿಯೂ ಹೆದ್ದಾರಿಯೂ ಒಂದರ ಸೆರಗನ್ನೊಂದು ಹಿಡಿದು ಸಾಗುವ ಎಡೆಯಲ್ಲಿ ನೆಲೆಸಿರುವ ದಾವಣಗೆರೆಯ ಜನಕ್ಕೆ ಪ್ರಯಾಣವೆಂಬುದು ವಿಶೇಷ ಸಂದರ್ಭವಲ್ಲ. ಅದು ದಿನಚರಿಯ ಒಂದು ಅಂಗ. ಹದಿನಾಲ್ಕು ಕಿಲೋಮೀಟರಿನಾಚೆಯ ಹರಿಹರಕ್ಕೆ ಬೆಳಗ್ಗೆ ಹೋಗಿ ಸಂಜೆ ಮರಳುವವರೂ, ಹರಿಹರದಿಂದ ಇಲ್ಲಿನ ಕಾಲೇಜುಗಳಿಗೂ ಆಸ್ಪತ್ರೆಗಳಿಗೂ ಬರುವವರೂ, ಶುಕ್ರವಾರದ ರಾತ್ರಿ ಬೆಂಗಳೂರಿನಿಂದ ಬಂದಿಳಿದು ಭಾನುವಾರದ ರಾತ್ರಿ ಮತ್ತೆ ಹೊರಡುವ ಮಕ್ಕಳೂ ಇಲ್ಲದ ಮನೆ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಅಪರೂಪವೆಂದೇ ಹೇಳಬೇಕು. ಹೀಗೆ ಹೊರಡುವವರ ಚೀಲವನ್ನು ಬಿಚ್ಚಿ ನೋಡಿದರೆ ಒಂದು ಪಕ್ಕದಲ್ಲಿ ತಾಯಿಯೋ ಅಜ್ಜಿಯೋ ಕಟ್ಟಿಕೊಟ್ಟ ಸ್ಟೀಲಿನ ಡಬ್ಬಿಯೂ, ಇನ್ನೊಂದು ಪಕ್ಕದಲ್ಲಿ ಫೋನು, ಚಾರ್ಜರು, ಪವರ್ ಬ್ಯಾಂಕುಗಳ ಗಂಟೂ ಕಾಣಸಿಗುತ್ತವೆ. ಮೇಲುನೋಟಕ್ಕೆ ಒಂದು ಹಳೆಯ ಕಾಲದ್ದು, ಇನ್ನೊಂದು ಹೊಸ ಕಾಲದ್ದು ಎನಿಸಿದರೂ, ವಿಚಾರಿಸಿ ನೋಡಿದಲ್ಲಿ ಇವೆರಡೂ ಒಂದೇ ಕುಲದ ವಸ್ತುಗಳು: ಮನೆಯಲ್ಲಿ ಸಂಗ್ರಹಿಸಿದ ಶಕ್ತಿಯನ್ನು ದಾರಿಯಲ್ಲಿ ಬೇಕಾದ ಗಳಿಗೆಗೆ ಒದಗಿಸಿಕೊಡುವುದೇ ಎರಡರ ಧರ್ಮ. ವ್ಯತ್ಯಾಸವಿರುವುದು ನಮ್ಮ ತಿಳಿವಳಿಕೆಯಲ್ಲಿ. ಬುತ್ತಿಯ ಗುಣಸ್ವಭಾವಗಳನ್ನು ಓದುಬರಹವಿಲ್ಲದ ಮುದುಕಿಯೂ ಬಲ್ಲಳು; ಯಾವುದು ಎಷ್ಟು ಹೊತ್ತು ತಾಳುತ್ತದೆ, ಯಾವುದು ಯಾತರಿಂದ ಕೆಡುತ್ತದೆ ಎಂಬುದು ಆಕೆಯ ಕೈಗೆ ತಿಳಿದಿದೆ. ಬ್ಯಾಟರಿಯ ವಿಷಯದಲ್ಲಾದರೋ ಪದವೀಧರರೂ ಕೂಡ ಅದರ ಸ್ವಭಾವವನ್ನು ವಿಚಾರಿಸದೆ, ಕೆಟ್ಟಾಗ ಕಂಪನಿಯನ್ನು ಬೈದು, ಹೊಸದನ್ನು ಕೊಂಡು ಸುಮ್ಮನಾಗುತ್ತಾರೆ. ಬುತ್ತಿಗೆ ತೋರಿಸುವ ವಿವೇಕವನ್ನೇ ಬ್ಯಾಟರಿಗೂ ತೋರಿಸಬೇಕೆಂಬುದು ನನ್ನ ಬಹುಕಾಲದ ಅಭಿಪ್ರಾಯ.

ಮೊದಲು ಬುತ್ತಿಯನ್ನೇ ನೋಡೋಣ. ನಮ್ಮ ಸೀಮೆಯ ದಾರಿಯೂಟದಲ್ಲಿ ಅಗ್ರಸ್ಥಾನ ಖಡಕ್ ರೊಟ್ಟಿಯದು. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಕೆಂಡದ ಮಗ್ಗುಲಿಗೆ ಒರಗಿಸಿ ಕಟಕಟೆನ್ನುವಂತೆ ಒಣಗಿಸಿದ ಈ ರೊಟ್ಟಿ ವಾರಗಟ್ಟಲೆ ಕೆಡದಿರಲು ಕಾರಣ ಅದರಲ್ಲಿ ನೀರಿನ ಅಂಶವೇ ಉಳಿಯದಿರುವುದು. ಬೂಷ್ಟು ಬೆಳೆಯುವುದಕ್ಕೆ ತೇವ ಬೇಕು, ತೇವವಿಲ್ಲದೆಡೆ ಅದಕ್ಕೆ ನೆಲೆಯಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ಇವೂ ಒಣ ಪದಾರ್ಥಗಳೇ. ಮೊಸರನ್ನದ ಬುತ್ತಿಯಲ್ಲಿ ಇನ್ನೂ ಸೂಕ್ಷ್ಮವಾದ ಜಾಣ್ಮೆಯಿದೆ. ಮಧ್ಯಾಹ್ನಕ್ಕೆ ಉಣ್ಣಬೇಕಾದ ಮೊಸರನ್ನವನ್ನು ಬೆಳಗ್ಗೆಯೇ ಮೊಸರಿನಲ್ಲಿ ಕಲಸಿದರೆ ಉಣ್ಣುವ ಹೊತ್ತಿಗೆ ಹುಳಿಯಾಗಿರುತ್ತದೆ. ಆದುದರಿಂದ ಬಲ್ಲವರು ಮೆತ್ತಗೆ ಬೆಂದ ಅನ್ನವನ್ನು ಹಿಚುಕಿ, ಉಗುರುಬೆಚ್ಚಗೆ ಆರಿದ ಮೇಲೆ ಹಾಲನ್ನು ಧಾರಾಳವಾಗಿ ಸುರಿದು, ಮೊಸರನ್ನು ಹೆಪ್ಪಿಗಾಗುವಷ್ಟು ಮಾತ್ರ ಬೆರೆಸಿ ಡಬ್ಬಿಗೆ ತುಂಬುತ್ತಾರೆ. “ಮೊಸರು ಒಂದೇ ಚಮಚೆ ಸಾಕವ್ವ, ದಾರ್‍ಯಾಗೆ ತಾನೇ ಆಗ್ತತಿ” ಎಂದು ಸೊಸೆಗೆ ಹೇಳುವ ಅತ್ತೆಯ ಮಾತಿನಲ್ಲಿ ಹೊತ್ತಿನ ಲೆಕ್ಕವೂ, ಶಾಖದ ಲೆಕ್ಕವೂ, ಕಣ್ಣಿಗೆ ಕಾಣದ ಜೀವಾಣುಗಳ ವೇಗದ ಲೆಕ್ಕವೂ ಅಡಗಿವೆ. ಬೇಸಗೆಯಲ್ಲಿ ಹಾಲಿನ ಪ್ರಮಾಣ ಹೆಚ್ಚು, ಮಾಗಿಯಲ್ಲಿ ಮೊಸರಿನ ಪ್ರಮಾಣ ಹೆಚ್ಚು. ಈ ತಾರತಮ್ಯವನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ.

ದಾವಣಗೆರೆಯ ಹೆಸರನ್ನು ನಾಡಿನಾದ್ಯಂತ ಹಬ್ಬಿಸಿದ ತಿನಿಸುಗಳಲ್ಲಿ ಮಂಡಕ್ಕಿಯ ಸ್ಥಾನ ದೊಡ್ಡದು. ಭದ್ರಾ ನಾಲೆಯ ನೀರುಂಡು ಬೆಳೆದ ಭತ್ತ ಸುತ್ತಲಿನ ಗದ್ದೆಗಳಿಂದ ಊರಿಗೆ ಬಂದು, ಮಂಡಕ್ಕಿ ಭಟ್ಟಿಗಳೆಂದೇ ಹೆಸರಾದ ಕೇರಿಗಳಲ್ಲಿ ರೂಪಾಂತರ ಹೊಂದುತ್ತದೆ. ಭತ್ತವನ್ನು ನೆನೆಹಾಕಿ, ಕುದಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರನ್ನು ಉಣಿಸಿ ಹದವಾಗಿ ಬೆಚ್ಚಗೆ ಮಾಡಿದ ಬಳಿಕ, ಕೆಂಪಗೆ ಉರಿಯುವ ಒಲೆಯ ಮೇಲಿನ ಬಾಣಲೆಯಲ್ಲಿ ಕಾದಿರುವ ಮರಳಿಗೆ ಅದನ್ನು ಸುರಿಯುತ್ತಾರೆ. ಆ ಕ್ಷಣವನ್ನು ಹತ್ತಿರ ನಿಂತು ನೋಡಿದವರು ಮರೆಯಲಾರರು: ಕಪ್ಪು ಮರಳಿನ ನಡುವೆ ಮಾಸಲು ಬಣ್ಣದ ಅಕ್ಕಿ ಒಂದೆರಡು ಸುತ್ತು ಹೊರಳುವಷ್ಟರಲ್ಲಿ ಬುರುಬುರನೆ ಸದ್ದೆದ್ದು, ಕಾಳುಕಾಳೂ ತನ್ನ ಗಾತ್ರದ ಹಲವು ಮಡಿ ಹಿಗ್ಗಿ, ಬಾಣಲೆಯ ಅಂಚಿನವರೆಗೆ ಬಿಳಿಯ ರಾಶಿ ಉಕ್ಕಿ ಬರುತ್ತದೆ, ಕೆಲಸಗಾರನು ಒಂದು ಚಣ ತಡಮಾಡಿದರೂ ಸೀದುಹೋಗುವುದರಿಂದ, ಜರಡಿಗೆ ಎತ್ತಿ ಹಾಕಿ ಮರಳನ್ನು ಕೆಳಕ್ಕಿಳಿಸಿ ಮಂಡಕ್ಕಿಯನ್ನು ಪಕ್ಕಕ್ಕೆ ತಳ್ಳುವ ಅವನ ಕೈಚಳಕವನ್ನು ಯಂತ್ರದ ಚಲನೆಗಿಂತ ಖಚಿತವೆನ್ನಬೇಕು. ಕಾಳಿನೊಳಗೆ ಉಳಿದಿರುವ ಅಲ್ಪ ತೇವ ಮರಳಿನ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಥಟ್ಟನೆ ಆವಿಯಾಗಿ, ಮೊದಲೇ ಕುದಿದು ಅಂಟಾಗಿರುವ ಪಿಷ್ಟವನ್ನು ಒಳಗಿನಿಂದ ಹಿಗ್ಗಿಸುವುದೇ ಈ ಚಮತ್ಕಾರದ ಕಾರಣ. ತೇವ ಹೆಚ್ಚಾದರೆ ಅಕ್ಕಿ ಅರಳದು, ಕಡಿಮೆಯಾದರೂ ಅರಳದು. ಹೊಗೆ, ಧೂಳು, ಸುಡುಗಾವುಗಳ ನಡುವೆ ನಿಂತು ಈ ಹದವನ್ನು ದಿನವಿಡೀ ಕಾಯ್ದುಕೊಳ್ಳುವ ಆ ಕುಟುಂಬಗಳ ಶ್ರಮಕ್ಕೆ ತಕ್ಕ ಮನ್ನಣೆಯೂ, ಎದೆಗೆ ಹೊಗೆ ಕುಡಿಸದ ಒಳ್ಳೆಯ ಒಲೆಯೂ ಅವರಿಗೆ ದೊರೆಯಬೇಕೆಂದು ನಾನು ಮನಃಪೂರ್ವಕವಾಗಿ ಹಾರೈಸುತ್ತೇನೆ.

ಸಂಜೆಯ ಹೊತ್ತಿಗೆ ಈ ಮಂಡಕ್ಕಿ ಬೀದಿಬೀದಿಯ ಗಾಡಿಗಳಲ್ಲಿ ಖಾರ ಮಂಡಕ್ಕಿಯಾಗಿ, ಒಗ್ಗರಣೆ ಮಂಡಕ್ಕಿಯಾಗಿ, ನರ್ಗಿಸ್ ಮಂಡಕ್ಕಿಯಾಗಿ ಅವತರಿಸಿ, ಎಣ್ಣೆಯಿಂದ ಆಗತಾನೆ ತೆಗೆದ ಮಿರ್ಚಿಯ ಸಾಹಚರ್ಯದಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಕೈಗೂ ಬರುತ್ತದೆ. ಮಳೆ ಬರುವ ಸೂಚನೆಯಿದ್ದ ಸಂಜೆ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಬಂದ ಮಂಡಕ್ಕಿಯನ್ನು ಒಂದು ಕೈಯಲ್ಲಿಯೂ ಬಿಸಿ ಮಿರ್ಚಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದವನಿಗೆ ಮನಸ್ಸಿನ ಸಮಾಧಾನವನ್ನು ಬೇರೆಲ್ಲಿಯೂ ಅರಸುವ ಅಗತ್ಯವಿಲ್ಲ. ಪ್ರಯಾಣಕ್ಕಾದರೆ ಒಣ ಮಂಡಕ್ಕಿಯೇ ಮೇಲು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿದ್ದರೆ ದಿನಗಟ್ಟಲೆ ಗರಿಗರಿಯಾಗಿರುತ್ತದೆ. ಅದರ ಶತ್ರು ಒಂದೇ, ಗಾಳಿಯಲ್ಲಿನ ತೇವ.

ಬೆಣ್ಣೆದೋಸೆಯ ಪ್ರಕೃತಿ ಇದಕ್ಕೆ ತೀರ ವಿರುದ್ಧವಾದುದು. ಊರಿನಲ್ಲಿ ಪ್ರಚಲಿತವಾಗಿರುವ ವೃತ್ತಾಂತದಂತೆ, 1928ರಲ್ಲಿ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ನಾಟಕ ಥಿಯೇಟರೊಂದರ ಬಳಿ ರಾಗಿಯ ದೋಸೆ ಹುಯ್ಯಲು ಆರಂಭಿಸಿದರು. ಅವರ ಮಕ್ಕಳ ಕಾಲಕ್ಕೆ ರಾಗಿಯ ಬದಲು ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟು ಬಂದು ಇಂದಿನ ದೋಸೆ ರೂಪುಗೊಂಡಿತು. ಕಟ್ಟಿಗೆಯ ಉರಿ, ದಪ್ಪನೆಯ ಕಬ್ಬಿಣದ ಹಂಚು, ಕೈಬಿಚ್ಚಿ ಹಾಕಿದ ಬೆಣ್ಣೆ, ತೆಳ್ಳನೆಯ ಕಾಯಿಚಟ್ನಿ, ಸಪ್ಪೆಯೆನಿಸುವಷ್ಟು ಸೌಮ್ಯವಾದ ಆಲೂಗಡ್ಡೆಯ ಪಲ್ಯ ಇವಿಷ್ಟೇ ಅದರ ಪರಿಕರ. ಇದನ್ನು ಪಾರ್ಸೆಲ್ ಕಟ್ಟಿಸಿ ಬೆಂಗಳೂರಿನ ಬಂಧುಗಳಿಗೆ ಒಯ್ಯುವ ಪ್ರೀತಿವಂತರುಂಟು. ಆದರೆ ಆ ಪ್ರೀತಿಯನ್ನು ದೋಸೆ ತಾಳಲೊಲ್ಲದು. ಒಳಗಿನ ಮೃದುಭಾಗದ ಆವಿ ಹೊರಗಿನ ಗರಿಯನ್ನು ಸೇರಿ ಅದನ್ನು ತೊಗಲಿನಂತೆ ಮಾಡುತ್ತದೆ; ಸುಮಾರು 35 ಡಿಗ್ರಿಯೊಳಗೆ ಗಟ್ಟಿಯಾಗುವ ಬೆಣ್ಣೆ ಚಿತ್ರದುರ್ಗ ದಾಟುವುದರೊಳಗೆ ಹೆಪ್ಪುಗಟ್ಟಿರುತ್ತದೆ. ಕೆಲವು ಸುಖಗಳನ್ನು ಹಂಚಿನ ಮುಂದೆಯೇ ಕುಳಿತು ಅನುಭವಿಸಬೇಕು. ಬಂಧುಗಳನ್ನೇ ಊರಿಗೆ ಕರೆಯುವುದು ಉತ್ತಮ.

ಇನ್ನು ಬ್ಯಾಟರಿಯ ಮಾತು. ನಮ್ಮ ಮನೆಗಳಿಗೆ ಮೊದಲು ಬಂದ ಸಂಗ್ರಹಿತ ವಿದ್ಯುತ್ತೆಂದರೆ ರೇಡಿಯೊ ಮತ್ತು ಕೈಬ್ಯಾಟರಿಗಳ ಸೆಲ್ಲು. 1866ರ ಹೊತ್ತಿಗೆ ಫ್ರಾನ್ಸಿನ ಲೆಕ್ಲಾಂಶೆ ರೂಪಿಸಿದ ಕೋಶದ ವಂಶಕ್ಕೆ ಸೇರಿದ ಈ ಒಣ ಸೆಲ್ಲಿನ ಸತುವಿನ ಹೊರಕವಚವೇ ಅದರ ಋಣಧ್ರುವ. ನಡುವಣ ಇಂಗಾಲದ ಕಡ್ಡಿಯನ್ನು ಸುತ್ತಿರುವ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ ಧನಧ್ರುವ. ಎರಡರ ನಡುವೆ ಲವಣದ ಒದ್ದೆ ಕಣಕ. 1965ರಲ್ಲಿ ಆಕಾಶವಾಣಿಯ ಭದ್ರಾವತಿ ಕೇಂದ್ರ ಆರಂಭವಾದ ಮೇಲೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಟ್ರಾನ್ಸಿಸ್ಟರಿನ ಧ್ವನಿ ಕೇಳದ ಹಜಾರವಿರಲಿಲ್ಲವೆಂದು ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಕಾಲದಲ್ಲಿ ಧ್ವನಿ ಕ್ಷೀಣಿಸಿದ ಕೂಡಲೆ ಸೆಲ್ಲುಗಳನ್ನು ಬಿಚ್ಚಿ ಅಂಗಳದ ಬಿಸಿಲಿಗಿಟ್ಟು, ಸಂಜೆಗೆ ಮರಳಿ ಹಾಕಿ, ವಾರ್ತೆ ಮುಗಿಯುವವರೆಗಾದರೂ ಕೇಳುತ್ತಿದ್ದ ರೂಢಿ ಕೇವಲ ಭ್ರಮೆಯಾಗಿರಲಿಲ್ಲ. ಒಂದೇ ಸಮನೆ ಬಳಸಿದಾಗ ಕೋಶದೊಳಗಿನ ಪದಾರ್ಥಗಳು ಧ್ರುವಗಳ ಸುತ್ತ ಸೊರಗಿಹೋಗುತ್ತವೆ. ವಿಶ್ರಾಂತಿಯೂ ಬೆಚ್ಚನೆಯೂ ದೊರೆತಾಗ ಅವು ಮತ್ತೆ ಹರಡಿಕೊಂಡು ಸ್ವಲ್ಪ ಕಾಲ ಕೆಲಸ ಮಾಡುತ್ತವೆ. ಆದರೆ ತೀರಿದ ಸೆಲ್ಲನ್ನು ರೇಡಿಯೊದೊಳಗೆ ಬಿಟ್ಟರೆ ತೆಳುವಾದ ಸತುವಿನ ಕವಚ ತೂತಾಗಿ ಲವಣದ ರಸ ಸೋರಿ ತಂತಿಗಳನ್ನೆಲ್ಲ ತಿಂದುಹಾಕುತ್ತದೆ. ಅಟ್ಟದ ಮೇಲಿನ ಎಷ್ಟೋ ಒಳ್ಳೆಯ ರೇಡಿಯೊಗಳು ಸತ್ತದ್ದು ಮುಪ್ಪಿನಿಂದಲ್ಲ, ಈ ಅಜಾಗ್ರತೆಯಿಂದ.

ಈಗ ಬಡಾವಣೆಯ ಬಹುಪಾಲು ಮನೆಗಳಲ್ಲಿ ಮೆಟ್ಟಿಲ ಕೆಳಗೋ ಹಿತ್ತಿಲ ಮೂಲೆಯಲ್ಲೋ ಯುಪಿಎಸ್ಸೊಂದು ಗುಂಯ್‌ಗುಡುತ್ತ ಕುಳಿತಿದೆ. ಅದರ ಮಗ್ಗುಲಿನ ಭಾರವಾದ ಪೆಟ್ಟಿಗೆ 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯ ನೇರ ಸಂತತಿ. ತಲಾ ಎರಡು ವೋಲ್ಟಿನ ಆರು ಕೋಣೆಗಳು ಸೇರಿ ಹನ್ನೆರಡು ವೋಲ್ಟು. ಅಂಗಡಿಯಲ್ಲಿ 150 ಆಂಪಿಯರ್ ಅವರ್ ಎಂದು ಹೇಳುವ ಬ್ಯಾಟರಿಯಲ್ಲಿ ಅದನ್ನು ಹನ್ನೆರಡರಿಂದ ಗುಣಿಸಿದಷ್ಟು, ಎಂದರೆ 1800 ವಾಟ್ ಅವರ್ ಶಕ್ತಿ ಕಾಗದದ ಮೇಲಿರುತ್ತದೆ. ಹಳೆಯ ಬಗೆಯ ಫ್ಯಾನೊಂದು ಸುಮಾರು 75 ವಾಟ್ ಉಣ್ಣುವುದರಿಂದ, ಎರಡು ಫ್ಯಾನು, ನಾಲ್ಕೈದು ಎಲ್‌ಇಡಿ ದೀಪ, ಒಂದು ಟಿವಿ ಸೇರಿ 250 ವಾಟ್ ಆದಲ್ಲಿ, ಪರಿವರ್ತನೆಯಲ್ಲಿ ಸೋರುವುದನ್ನು ಕಳೆದು, ಪೂರ್ತಿ ಬರಿದುಮಾಡಬಾರದೆಂಬ ನಿಯಮವನ್ನೂ ಪಾಲಿಸಿದರೆ, ನಾಲ್ಕೈದು ಗಂಟೆ ನಿರಾತಂಕವಾಗಿ ನಡೆಯುತ್ತದೆ. ಅದೇ ಮನೆಗೆ 30 ವಾಟಿನೊಳಗೆ ತಿರುಗುವ ಬಿಎಲ್‌ಡಿಸಿ ಫ್ಯಾನು ಬಂದರೆ ಹೊಸ ಬ್ಯಾಟರಿಯನ್ನು ಕೊಳ್ಳದೆಯೇ ಬ್ಯಾಟರಿ ದೊಡ್ಡದಾದಂತೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮಧ್ಯಮವರ್ಗದ ಮನೆಗೆ ಬಂದ ಉಪಕರಣಗಳಲ್ಲಿ ಇಷ್ಟು ಸದ್ದಿಲ್ಲದೆ ಇಷ್ಟು ಉಪಕಾರ ಮಾಡಿದ್ದು ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ಸೀಸದ ಬ್ಯಾಟರಿಗೆ ಬೇಕಾದ ಉಪಚಾರ ಅಲ್ಪ, ಆದರೆ ತಪ್ಪದೆ ಆಗಬೇಕು. ಚಾರ್ಜ್ ಆಗುವಾಗ ಅದರೊಳಗಿನ ನೀರು ಅಷ್ಟಷ್ಟಾಗಿ ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆದು ಹೊರಹೋಗುವುದರಿಂದ ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಜಲಜನಕ ಉರಿಯುವ ಅನಿಲವಾದುದರಿಂದ ಬ್ಯಾಟರಿಯಿರುವ ಎಡೆಯಲ್ಲಿ ಗಾಳಿಯಾಡಬೇಕು. “ನೀರು ನೋಡ್ತಾ ಇರ್ರಿ ಸಾರ್, ಬೋರ್ ನೀರು ಮಾತ್ರ ಹಾಕಬ್ಯಾಡ್ರಿ” ಎಂದು ಬ್ಯಾಟರಿ ಇಳಿಸಿಹೋಗುವ ಹುಡುಗ ಹೇಳುವ ಒಂದೇ ವಾಕ್ಯದಲ್ಲಿ ಪೂರ್ಣ ಶಾಸ್ತ್ರವಿದೆ, ಏಕೆಂದರೆ ಬೋರ್‌ವೆಲ್ಲಿನ ಗಡಸುನೀರಿನ ಲವಣಗಳು ಸೀಸದ ಫಲಕಗಳ ಮೇಲೆ ಕುಳಿತು ಅವನ್ನು ನಿಷ್ಕ್ರಿಯಗೊಳಿಸುತ್ತವೆ. ಮುಚ್ಚಳದ ಮೇಲೆ ಸಾಲಾಗಿ ನಿಂತ ಆರು ಪುಟ್ಟ ತೇಲುಬುರುಡೆಗಳ ಬಣ್ಣದ ಗೆರೆಗಳನ್ನು ನೋಡಿದರೆ ಯಾವ ಕೋಣೆ ಬಾಯಾರಿದೆಯೆಂಬುದು ತಿಳಿಯುತ್ತದೆ. ತಂತಿ ಸೇರುವ ಮೊಳೆಯ ಸುತ್ತ ಬಿಳಿಯೋ ಹಸಿರೋ ಆದ ಹಿಟ್ಟಿನಂಥ ಪೊರೆ ಹತ್ತಿದ್ದರೆ, ಯುಪಿಎಸ್ಸನ್ನು ಆರಿಸಿ ತಂತಿ ಬಿಚ್ಚಿ, ಅಡುಗೆಸೋಡ ಕದಡಿದ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಅದು ನೊರೆನೊರೆಯಾಗಿ ಕರಗುವುದನ್ನು ನೋಡುವುದೇ ಒಂದು ತೃಪ್ತಿ. ಬಳಿಕ ಒಣಗಿಸಿ, ತಂತಿ ಬಿಗಿದು, ತೆಳ್ಳಗೆ ವ್ಯಾಸಲೀನ್ ಸವರಿದರೆ ಬಹುಕಾಲ ಮತ್ತೆ ಬಾರದು. ಎಲ್ಲಕ್ಕಿಂತ ದೊಡ್ಡ ಅಪಚಾರವೆಂದರೆ ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟು ಊರಿಗೆ ಹೋಗುವುದು. ಬರಿದಾಗಿದ್ದಷ್ಟು ಕಾಲವೂ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗುತ್ತ ಹೋಗಿ, ಕೊನೆಗೆ ಎಷ್ಟು ಚಾರ್ಜ್ ಕೊಟ್ಟರೂ ಕರಗದಂತಾಗುತ್ತವೆ.

ಅಡುಗೆಮನೆಯ ಯಂತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯಗಳನ್ನು ಸಂಕ್ಷೇಪವಾಗಿಯೇ ಹೇಳಿಬಿಡಬಹುದು. ದೋಸೆಹಿಟ್ಟಿಗೆ ಮಿಕ್ಸಿಗಿಂತ ಗ್ರೈಂಡರು ಮೇಲು. ಮಿಕ್ಸಿಯ ವೇಗದಲ್ಲಿ ಹಿಟ್ಟು ಬಿಸಿಯಾಗುತ್ತದೆ, ಕಲ್ಲಿನ ನಿಧಾನದಲ್ಲಿ ಉದ್ದು ಗಾಳಿಯನ್ನು ಕುಡಿದು ಹಗುರಾಗುತ್ತದೆ. ಚಪಾತಿಯನ್ನು ಬಿಸಿಬಿಸಿಯಾಗಿ ಪ್ಲಾಸ್ಟಿಕ್ಕಿನ ಹಾಟ್‌ಬಾಕ್ಸಿಗೆ ತುಂಬುವುದು ಅದನ್ನು ತನ್ನದೇ ಬೆವರಿನಲ್ಲಿ ತೋಯಿಸಿದಂತೆ. ಒಳಗೊಂದು ಬಟ್ಟೆ ಹಾಸುವುದು ಅವಶ್ಯ. ಕಾಫಿ ಒಯ್ಯಲು ನಿರ್ವಾತ ಗೋಡೆಯ ಫ್ಲಾಸ್ಕಿಗೆ ಸಾಟಿಯಿಲ್ಲ; ಸರ್ ಜೇಮ್ಸ್ ಡ್ಯೂವರ್ 1892ರಲ್ಲಿ ಪ್ರಯೋಗಾಲಯಕ್ಕೆಂದು ಮಾಡಿದ ಪಾತ್ರೆ ನಮ್ಮ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಯ ತಲೆದೆಸೆಗೆ ನಿಂತಿರುವುದು ವಿಜ್ಞಾನದ ಒಂದು ದೊಡ್ಡ ಕರುಣೆ. ಆದರೆ ಬಿಚ್ಚಿ ನೋಡಲು ಬಾರದಂತೆ ಅಂಟಿನಿಂದ ಮುಚ್ಚಿದ ಉಪಕರಣಗಳನ್ನು ನಾನು ಒಪ್ಪಲಾರೆ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸಿ ದೇಶಕ್ಕೆ ಒದಗಿಸಿದುದಷ್ಟೇ ಅಲ್ಲದೆ, ಯಂತ್ರವನ್ನು ಕಳಚಿ, ದೋಷವನ್ನು ಹುಡುಕಿ, ಬಿಡಿಭಾಗವನ್ನು ಕಡೆದು, ಮರಳಿ ಜೋಡಿಸಬಲ್ಲ ಕೆಲಸಗಾರರ ತಲೆಮಾರನ್ನೇ ತುಂಗಭದ್ರೆಯ ದಡದಲ್ಲಿ ನಿರ್ಮಿಸಿತು. ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಸಂದಿದ್ದರೂ ಆ ಕೈಗಳ ವಿದ್ಯೆ ಊರಿನ ವರ್ಕ್‌ಶಾಪುಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಅಂತಹ ಊರಿನ ಮಕ್ಕಳು ಕಿವಿಗೆ ಸಿಕ್ಕಿಸುವ ಪುಟ್ಟ ಇಯರ್‌ಬಡ್ಡಿನ ಸಾಸಿವೆಯಷ್ಟು ಬ್ಯಾಟರಿ ಸೊರಗಿತೆಂದು ಇಡೀ ವಸ್ತುವನ್ನೇ ಎಸೆಯಬೇಕಾಗಿ ಬಂದಿರುವುದು ನನಗೆ ವ್ಯಥೆಯ ಸಂಗತಿ.

ಫೋನು, ಇಯರ್‌ಬಡ್ಡು, ಎಲೆಕ್ಟ್ರಿಕ್ ಸ್ಕೂಟರು ಇವೆಲ್ಲವುಗಳ ಒಡಲಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಈ ಬ್ಯಾಟರಿಯ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಗ್ರಾಫೈಟಿನ ಪದರಗಳು ಒಂದು ಕಡೆ, ಲೋಹದ ಆಕ್ಸೈಡಿನ ಪದರಗಳು ಇನ್ನೊಂದು ಕಡೆ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಗ್ರಾಫೈಟಿನ ಒಳಹೊಗುತ್ತವೆ, ಬಳಸುವಾಗ ಹೊರಟು ಮರಳುತ್ತವೆ. ಪದರಗಳ ನಡುವಿನ ಈ ನಿತ್ಯಯಾತ್ರೆಯಲ್ಲಿ ಪ್ರತಿಸಲವೂ ಕೆಲವು ಕಣಗಳು ದಾರಿಯಲ್ಲಿಯೇ ಉಳಿದುಹೋಗುತ್ತವೆ. ಬ್ಯಾಟರಿಗೆ ವಯಸ್ಸಾಗುವುದೆಂದರೆ ಇದೇ. ಮುಪ್ಪನ್ನು ತ್ವರೆಗೊಳಿಸುವ ಕಾರಣಗಳಲ್ಲಿ ಶಾಖ ಮುಖ್ಯವಾದುದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬ ಹಳೆಯ ಸೂತ್ರ ಬ್ಯಾಟರಿಯೊಳಗಿನ ಅನಿಷ್ಟ ಕ್ರಿಯೆಗಳಿಗೂ ಅನ್ವಯಿಸುತ್ತದೆ. ಪೂರ್ತಿ ನೂರಕ್ಕೆ ಏರಿಸಿ ಹಾಗೆಯೇ ಬಹುಕಾಲ ಇಡುವುದು, ಪೂರ್ತಿ ಸೊನ್ನೆಗಿಳಿಸುವುದು, ಇವೂ ಅದಕ್ಕೆ ಹಿತವಲ್ಲ. ಇಪ್ಪತ್ತಕ್ಕೂ ಎಂಬತ್ತಕ್ಕೂ ನಡುವೆ ಅದು ಆರೋಗ್ಯವಾಗಿ ಬಾಳುತ್ತದೆ. ಹಿಂದಿನವರು ಸೆಲ್ಲನ್ನು ಬಿಸಿಲಿಗಿಟ್ಟು ಬದುಕಿಸಿದರು; ಇಂದಿನ ಬ್ಯಾಟರಿಯನ್ನು ಬಿಸಿಲಿನಿಂದ ಮರೆಮಾಡಿಯೇ ಬದುಕಿಸಬೇಕು. ವೈಶಾಖದ ನಡುಹಗಲಿನಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹಿಂದೆ ಫೋನನ್ನು ಬಿಡುವುದೂ, ದಿಂಬಿನಡಿ ಇಟ್ಟು ಚಾರ್ಜ್ ಮಾಡುವುದೂ, ಹೈಸ್ಕೂಲು ಮೈದಾನದ ಕಡೆಯಿಂದ ಉರಿಬಿಸಿಲಿನಲ್ಲಿ ಓಡಿಸಿಕೊಂಡು ಬಂದ ಸ್ಕೂಟರನ್ನು ನೆರಳಿನಲ್ಲಿ ಆರಗೊಡದೆ ಆ ಕ್ಷಣವೇ ಚಾರ್ಜಿಗೆ ಸಿಕ್ಕಿಸುವುದೂ ಅದರ ಆಯುಸ್ಸನ್ನು ಕೈಯಾರೆ ಕಡಿದಂತೆ. ಬೆನ್ನು ಉಬ್ಬಿದ ಫೋನನ್ನಂತೂ ಒತ್ತದೆ, ಚುಚ್ಚದೆ, ಚಾರ್ಜಿಗೂ ಹಾಕದೆ, ಆರಿಸಿ ಬಲ್ಲವರ ಕೈಗೆ ಒಪ್ಪಿಸಬೇಕು. ಒಳಗೆ ಅನಿಲ ಕೂಡಿಕೊಂಡಿರುವುದರಿಂದ ಅದು ಬೆಂಕಿಗೆ ಅತಿ ಸಮೀಪದಲ್ಲಿರುತ್ತದೆ.

ಪವರ್ ಬ್ಯಾಂಕಿನ ಲೆಕ್ಕವನ್ನು ಬಹುಮಂದಿ ತಪ್ಪು ತಿಳಿಯುತ್ತಾರೆ. ಪೆಟ್ಟಿಗೆಯ ಮೇಲೆ 20,000 ಮಿಲಿಆಂಪಿಯರ್ ಅವರ್ ಎಂದಿದ್ದರೆ 5,000ದ ಫೋನನ್ನು ನಾಲ್ಕು ಸಲ ತುಂಬಬಹುದೆಂಬುದು ಸಹಜವಾದ ಎಣಿಕೆ. ಆದರೆ ಆ ಸಂಖ್ಯೆ ಒಳಗಿನ ಕೋಶದ 3.7 ವೋಲ್ಟಿಗೆ ಸಂಬಂಧಿಸಿದ್ದು. ಹೊರಗೆ ಬರುವಾಗ ಅದನ್ನು 5 ವೋಲ್ಟಿಗೆ ಏರಿಸಬೇಕು, ಏರಿಸುವಾಗ ಒಂದಿಷ್ಟು ಶಾಖವಾಗಿ ನಷ್ಟವಾಗುತ್ತದೆ. ಕಟ್ಟಕಡೆಗೆ ಕೈಗೆ ಬರುವುದು ಮೂರು ಸಲದ ಚಾರ್ಜು. ಶಕ್ತಿಯ ಲೆಕ್ಕದಲ್ಲಿ ಅದು 74 ವಾಟ್ ಅವರ್. ವಿಮಾನದಲ್ಲಿ ಹೋಗುವವರು ನೆನಪಿಡಬೇಕಾದ ಸಂಖ್ಯೆ ಇದೇ: 100 ವಾಟ್ ಅವರ್ ಮೀರದ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಒಯ್ಯಬಹುದು, ಕೆಳಗಿನ ಲಗೇಜಿಗೆ ಮಾತ್ರ ಹಾಕಬಾರದು. 2023ರಲ್ಲಿ ಶಿವಮೊಗ್ಗದ ವಿಮಾನನಿಲ್ದಾಣ ತೆರೆದ ಮೇಲೆ ನಮ್ಮವರಿಗೆ ಈ ನಿಯಮ ಮನೆಯ ಬಾಗಿಲಿಗೇ ಬಂದಂತಾಗಿದೆ.

ಈ 74 ವಾಟ್ ಅವರನ್ನು ಮಂಡಕ್ಕಿಯ ಪಕ್ಕದಲ್ಲಿಟ್ಟು ತೂಗಿ ನೋಡಿದಾಗ ನನಗಾದ ವಿಸ್ಮಯವನ್ನು ಓದುಗರೊಡನೆ ಹಂಚಿಕೊಳ್ಳಲೇಬೇಕು. ನೂರು ಗ್ರಾಂ ಮಂಡಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲರಿ ಶಕ್ತಿಯಿದೆ. ಒಂದು ಕಿಲೊಕ್ಯಾಲರಿ ಎಂದರೆ 1.16 ವಾಟ್ ಅವರ್. ಆದುದರಿಂದ ನೂರು ಗ್ರಾಂ ಮಂಡಕ್ಕಿ ಸುಮಾರು 400 ವಾಟ್ ಅವರ್ ಶಕ್ತಿಯ ಭಂಡಾರ. ಹೆಚ್ಚುಕಡಿಮೆ 400 ಗ್ರಾಂ ತೂಗುವ ಪವರ್ ಬ್ಯಾಂಕಿನೊಳಗಿರುವಷ್ಟು ಶಕ್ತಿ ಹದಿನೆಂಟು ಇಪ್ಪತ್ತು ಗ್ರಾಂ ಮಂಡಕ್ಕಿಯಲ್ಲಿ, ಎಂದರೆ ಸುಮಾರು ಒಂದು ಬೊಗಸೆಯಲ್ಲಿದೆ! ಎರಡು ಶತಮಾನಗಳ ವಿದ್ಯುತ್ ವಿಜ್ಞಾನ ಇನ್ನೂ ಮುಟ್ಟಲಾರದ ಸಾಂದ್ರತೆಯನ್ನು ಭತ್ತದ ಗಿಡ ಬರಿಯ ಬಿಸಿಲು, ನೀರು, ಗಾಳಿಗಳಿಂದ ಸಾಧಿಸಿ ನಮ್ಮ ಅಂಗೈಗೆ ಹಾಕುತ್ತಿದೆ. ಭಟ್ಟಿಯವನು ಅದನ್ನು ಒಯ್ಯಲೂ ತಿನ್ನಲೂ ಹಗುರಾದ ರೂಪಕ್ಕೆ ತರುತ್ತಾನೆ.

ಎರಡು ಬಗೆಯ ಶಕ್ತಿಯೂ ಜೊತೆಜೊತೆಗೆ ಬೇಕಾಗುವ ಪ್ರಯಾಣವೊಂದನ್ನು ನೋಡಬೇಕಾದರೆ ಕೊಟ್ಟೂರಿನ ಪಾದಯಾತ್ರೆಗೆ ಹೋಗಬೇಕು. ಗುರು ಬಸವೇಶ್ವರಸ್ವಾಮಿಯ ರಥೋತ್ಸವಕ್ಕೆ ಮುನ್ನ ದಾವಣಗೆರೆಯಿಂದ ಹೊರಡುವ ಭಕ್ತಸಮೂಹ ಬಿಸಿಲನ್ನು ತಪ್ಪಿಸಲೆಂದು ರಾತ್ರಿಯ ತಂಪಿನಲ್ಲಿಯೂ ನಡೆಯುತ್ತದೆ. ದಾರಿಯುದ್ದಕ್ಕೂ ಹಳ್ಳಿಯವರು ಅನ್ನ, ಮಜ್ಜಿಗೆ, ಮಂಡಕ್ಕಿಗಳನ್ನು ಹಿಡಿದು ಯಾತ್ರಿಕರನ್ನು ಕರೆಕರೆದು ಕೊಡುತ್ತಾರೆ; ಬುತ್ತಿ ಕಟ್ಟದೆ ಹೊರಟವನೂ ಹಸಿಯುವುದಿಲ್ಲ. ಆದರೆ ಕತ್ತಲೆಯಲ್ಲಿ ಕಾಲಿನ ಮುಂದಿನ ದಾರಿ ಕಾಣಬೇಕು, ಮನೆಯವರಿಗೆ ಎಲ್ಲಿರುವೆನೆಂದು ತಿಳಿಸಬೇಕು. ಇಂತಲ್ಲಿ ನನ್ನ ಸಲಹೆಯೆಂದರೆ, ಫೋನನ್ನೇ ಕೈಬ್ಯಾಟರಿಯಾಗಿ ಉರಿಸದೆ, ಪುಟ್ಟ ಎಲ್‌ಇಡಿ ಕೈಬ್ಯಾಟರಿಯೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು. ರಾತ್ರಿ ಹೊತ್ತಿನಲ್ಲಿ ತ್ರೀಫೇಸ್ ಕರೆಂಟು ಬಂದಾಗ ಎದ್ದು ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತ ಇದನ್ನು ಚೆನ್ನಾಗಿ ಬಲ್ಲ. ಹಾವು ಹುಳಗಳ ಹೊಲದಲ್ಲಿ ಬೆಳಕಿನ ಸಾಧನವೂ ಮಾತಿನ ಸಾಧನವೂ ಒಂದೇ ಆಗಿದ್ದು, ಅದು ನಡುದಾರಿಯಲ್ಲಿ ಆರಿದರೆ ಗತಿಯೇನೆಂಬುದು ಅವನಿಗೆ ಅನುಭವದಿಂದ ತಿಳಿದ ವಿಷಯ.

ರೈಲಿನ ಪ್ರಯಾಣದಲ್ಲಿ ಇಷ್ಟು ಸಿದ್ಧತೆ ಬೇಡ. 2023ರ ಜೂನಿನಿಂದ ಬೆಂಗಳೂರು ಧಾರವಾಡಗಳ ನಡುವೆ ಓಡುತ್ತಿರುವ ವಂದೇ ಭಾರತ್ ಗಾಡಿ ದಾವಣಗೆರೆಯಲ್ಲಿ ನಿಲ್ಲುತ್ತದೆ. ಅದರಲ್ಲಿ ಆಸನದ ಬಳಿಯೇ ಚಾರ್ಜಿಂಗಿನ ಅನುಕೂಲವೂ ಊಟದ ವ್ಯವಸ್ಥೆಯೂ ಉಂಟು. ಆದರೂ ಜನಶತಾಬ್ದಿಯಲ್ಲಿ ಕಿಟಕಿಯ ಪಕ್ಕ ಕುಳಿತು, ಚಿಕ್ಕಜಾಜೂರು ದಾಟಿದ ಮೇಲೆ ಮನೆಯ ಡಬ್ಬಿ ಬಿಚ್ಚಿ, ಎದುರಿಗೆ ಕುಳಿತ ಅಪರಿಚಿತ ಹಿರಿಯರಿಗೂ “ತಗೊಳ್ರಿ ಅಜ್ಜಾರೆ” ಎಂದು ಒಂದು ರೊಟ್ಟಿ ಮುಂದುಮಾಡುವ ಸುಖಕ್ಕೆ ತಟ್ಟೆಯಲ್ಲಿ ಬರುವ ಊಟ ಸಮನಾಗದೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಬುತ್ತಿಯ ಡಬ್ಬಿ ತೊಳೆದರೆ ಮುಗಿಯಿತು. ಬ್ಯಾಟರಿಯ ವಿಷಯ ಹಾಗಲ್ಲ, ಅದು ಸತ್ತ ಮೇಲೂ ಒಂದು ಹೊಣೆಯನ್ನು ಉಳಿಸಿಹೋಗುತ್ತದೆ. ಸೀಸ ಮಕ್ಕಳ ಮೆದುಳಿಗೆ ವಿಷ. ಗುಜರಿಯವರು ಬ್ಯಾಟರಿಯನ್ನು ಬಯಲಿನಲ್ಲಿ ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲಿ ಸೀಸ ಕರಗಿಸಿದರೆ ಆ ವಿಷ ಸುತ್ತಲಿನ ಮಣ್ಣಿಗೂ ನೀರಿಗೂ ಸೇರುತ್ತದೆ. ಲಿಥಿಯಂ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಿದರೆ ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಳ್ಳುವ ಭಯವುಂಟು. ಆ ಬೆಂಕಿ ಮೊದಲು ಸುಡುವುದು ಬೆಳಗ್ಗೆ ನಮ್ಮ ಬಾಗಿಲಿಗೆ ಬರುವ ಪೌರಕಾರ್ಮಿಕರ ಕೈಯನ್ನು. 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಹಳೆಯವನ್ನು ಮರಳಿ ಸಂಗ್ರಹಿಸಿ ಸಂಸ್ಕರಣೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಯುಪಿಎಸ್ಸಿನ ಹಳೆಯ ಬ್ಯಾಟರಿಯನ್ನು ಕೊಟ್ಟರೆ ಅಂಗಡಿಯವರು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳುವ ಪದ್ಧತಿ ಮೊದಲಿನಿಂದಲೂ ಇದೆ. ಅದನ್ನು ಗುಜರಿಯ ಗಾಡಿಗೆ ನಾಲ್ಕು ಕಾಸು ಹೆಚ್ಚಿಗೆಂದು ಮಾರದೆ ಅಂಗಡಿಗೇ ಹಿಂದಿರುಗಿಸಿ ರಸೀದಿ ಪಡೆಯಬೇಕು. ಫೋನು, ಇಯರ್‌ಬಡ್ಡು, ಪವರ್ ಬ್ಯಾಂಕುಗಳ ಸತ್ತ ಬ್ಯಾಟರಿಗಳನ್ನು ಧ್ರುವಗಳಿಗೆ ಟೇಪು ಸುತ್ತಿ, ಮಕ್ಕಳ ಕೈಗೆ ಸಿಗದ ತಂಪಾದ ಎಡೆಯಲ್ಲಿ ಬೇರೆಯೇ ಒಂದು ಡಬ್ಬದಲ್ಲಿಟ್ಟು, ಕೆಲವು ಕೂಡಿದ ಮೇಲೆ ಅಂಗಡಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಒಪ್ಪಿಸಬೇಕು. ನಮ್ಮ ಬಡಾವಣೆಯ ಪ್ರತಿ ರಸ್ತೆಯಲ್ಲಿ ಇದಕ್ಕೆಂದು ಒಂದು ಪೆಟ್ಟಿಗೆಯನ್ನಿಟ್ಟು, ಅದನ್ನು ತಿಂಗಳಿಗೊಮ್ಮೆ ಸಾಗಿಸುವ ಏರ್ಪಾಡನ್ನು ನಿವಾಸಿಗಳ ಸಂಘ ವಹಿಸಿಕೊಂಡರೆ, ಬೇಕಾಗುವ ಖರ್ಚು ಗಣೇಶೋತ್ಸವದ ಒಂದು ಸಂಜೆಯ ದೀಪಾಲಂಕಾರದಷ್ಟೂ ಆಗಲಾರದು.